ಕೆಳಗಿನ ಕಣ್ಣು

ಆ ಭಾನುವಾರ ಊಟ ಮುಗಿಸಿದ ಮೇಲೆ ಯೋಗಾನಂದ ತನ್ನ ಮೂರು ಕ್ಯಾಮೆರಾಗಳನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು, ಹೆಣ್ಣು ನೋಡಲು ಹೋದವನ ಹಾಗೆ, ಒಂದನ್ನೂ ಮುಟ್ಟದೆ ಕೂತಿದ್ದ.

ಎಡಗಡೆ ಡಿಜಿಟಲ್ ಕ್ಯಾಮೆರಾ. ಅನ್ನ ಹಾಕುತ್ತಿದ್ದದ್ದು ಅದೇ. ಸಹಕಾರನಗರದಿಂದ ಯಲಹಂಕದವರೆಗೆ ಯಾವ ಮದುವೆಗೆ ಕರೆದರೂ ಅದನ್ನೇ ಕೊರಳಿಗೆ ಹಾಕಿಕೊಂಡು ಹೋಗುತ್ತಿದ್ದ. ಒಂದೊಂದು ಮದುವೆಗೆ ಮೂರು ಸಾವಿರ ಚಿತ್ರ ತೆಗೆಯುತ್ತಿದ್ದ. ಅದರಲ್ಲಿ ಒಂದನ್ನಾದರೂ ತಾನು ನೋಡಿ ತೆಗೆದೆ ಎಂದು ಹೇಳಿಕೊಳ್ಳುವ ಧೈರ್ಯ ಅವನಿಗಿರಲಿಲ್ಲ. ನಡುವೆ ಮೂವತ್ತೈದು ಎಂಎಂ ಫಿಲಂ ಕ್ಯಾಮೆರಾ. ಕಾಲೇಜಿನ ದಿನಗಳಲ್ಲಿ ಕೊಂಡದ್ದು, ರೋಲಿಗೆ ಮೂವತ್ತಾರು ಚಿತ್ರ. ಬಲಗಡೆ ಎರಡು ಕಣ್ಣಿನ, ಅಗಲ ಫಿಲಮ್ಮಿನ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾ. ಪುಟ್ಟ ಪೆಟ್ಟಿಗೆಯಂಥದ್ದು. ಮೇಲಿನ ಲೆನ್ಸು ನಾವು ನೋಡುವುದಕ್ಕೆ, ಕೆಳಗಿನ ಲೆನ್ಸು ಫಿಲಮ್ಮು ನೋಡುವುದಕ್ಕೆ. ಹೊಟ್ಟೆಯ ಹತ್ತಿರ ಹಿಡಿದು, ತಲೆ ತಗ್ಗಿಸಿ, ಮೇಲಿನ ಗಾಜಿನಲ್ಲಿ ನೋಡಿ ತೆಗೆಯಬೇಕು. ರೋಲಿಗೆ ಹನ್ನೆರಡೇ ಚಿತ್ರ. ಅದರ ಜೊತೆ ಬಂದ ಮುಚ್ಚಳ ಎಲ್ಲೋ ಕಳೆದುಹೋಗಿ, ಯೋಗಾನಂದ ಎರಡು ಕಣ್ಣುಗಳಿಗೂ ಹಳೆಯ ಫಿಲಂ ಡಬ್ಬಿಗಳ ಕಪ್ಪು ಮುಚ್ಚಳಗಳನ್ನು ಒಂದೊಂದಾಗಿ ತೊಡಿಸಿದ್ದ.

ಕರೆದಿದ್ದವನು ಅಶ್ವತ್ಥ್, ಕಾಲೇಜಿನ ಗೆಳೆಯ. ಕೊಡಿಗೇಹಳ್ಳಿಯ ಅಂಚಿನಲ್ಲಿ ಅವರ ತಾತನ ದ್ರಾಕ್ಷಿ ತೋಟವಿತ್ತು. ಬಳ್ಳಿ ಕಿತ್ತು ಹದಿನೈದು ವರ್ಷವಾಗಿ, ಈಗ ಚಪ್ಪರ ಹೊತ್ತಿದ್ದ ಕಲ್ಲುಕಂಬಗಳಷ್ಟೇ ನಿಂತಿದ್ದವು.

"ಮಗಾ, ನಾಳೆ ಜೆಸಿಬಿ ಬರುತ್ತೆ," ಎಂದಿದ್ದ ಅಶ್ವತ್ಥ್ ಫೋನಿನಲ್ಲಿ. "ತೋಟದ್ದು ಒಂದ್ ನಾಕ್ ಫೋಟೋ ಇರ್ಲಿ ಅಂತ ತಾತಂದು ಒಂದೇ ಗೋಳು. ನನ್ ಫೋನಲ್ಲೇ ಹೊಡೀತೀನಿ ಅಂದ್ರೆ ಒಪ್ತಿಲ್ಲ. ಬಾ ಗುರು, ಅರ್ಧ ಗಂಟೆ ಕೆಲಸ."

ಅರ್ಧ ಗಂಟೆಯ ಕೆಲಸಕ್ಕೆ ಡಿಜಿಟಲ್ ಸಾಕಾಗಿತ್ತು. ಮೂವತ್ತೈದು ಎಂಎಂ ತೆಗೆದುಕೊಂಡಿದ್ದರೂ ಆಗುತ್ತಿತ್ತು. ಆದರೆ ಯೋಗಾನಂದನಿಗೆ ಕೆಲವು ತಿಂಗಳಿಂದ ಒಂದು ಯೋಚನೆ ಹತ್ತಿಕೊಂಡಿತ್ತು. ಕಡಿಮೆ ತೆಗೆಯುವವನೇ ನಿಜವಾಗಿ ನೋಡುವವನು, ಎದುರಿಗಿರುವುದಕ್ಕೆ ಕೊಡುವ ಮರ್ಯಾದೆ ಅಂದರೆ ಅದು. ಹೀಗೆ ಒಂದಿಬ್ಬರ ಮುಂದೆ ಹೇಳಿಯೂ ಇದ್ದ. ಹೇಳುವಾಗ ದನಿ ಸ್ವಲ್ಪ ಗಂಭೀರವಾಗುತ್ತಿದ್ದದ್ದು ಅವನಿಗೇ ಗೊತ್ತಾಗುತ್ತಿತ್ತು. ಎರಡು ಕಣ್ಣಿನದನ್ನು ಕೊರಳಿಗೆ ಹಾಕಿಕೊಂಡ. ಇರಲಿ ಎಂದು ಡಿಜಿಟಲ್ಲನ್ನು ಸ್ಕೂಟರಿನ ಸೀಟಿನ ಕೆಳಗಿನ ಡಿಕ್ಕಿಯಲ್ಲಿ ಹಾಕಿ ಬೀಗ ಒತ್ತಿದ.

ತೋಟದಲ್ಲಿ ಅಶ್ವತ್ಥ್ ಕ್ಯಾಮೆರಾ ನೋಡಿ ನಕ್ಕ.

"ಇದೇನ್ ಮಗಾ, ಮ್ಯೂಸಿಯಮ್ಮಿಂದ ಎತ್ಕೊಂಡ್ ಬಂದಿದೀಯ? ಎಷ್ಟ್ ಫೋಟೋ ಬರುತ್ತೆ ಇದ್ರಲ್ಲಿ?"

"ಹನ್ನೆರಡು."

"ಹನ್ನೆರಡಾ! ನನ್ ಮಗಳು ಒಂದ್ ಇಡ್ಲಿ ತಿಂದ್ರೆ ನಮ್ಮನೇಲಿ ಇಪ್ಪತ್ ಫೋಟೋ ಆಗುತ್ತೆ ಕಣೋ. ಸರಿ, ನೀನುಂಟು ನಿನ್ ಕಂಬ ಉಂಟು. ನಾನು ಆ ಕಡೆ ಇಂಜಿನಿಯರ್ ಬಂದಿದಾನೆ, ನೋಡ್ಕೊಂಡ್ ಬರ್ತೀನಿ."

ಯೋಗಾನಂದ ಒಬ್ಬನೇ ಉಳಿದ. ಅವನಿಗೆ ಬೇಕಾದದ್ದೂ ಅದೇ. ಎರಡು ಅಪಾರ್ಟ್‌ಮೆಂಟುಗಳ ನಡುವೆ ಒಂದೂವರೆ ಎಕರೆ ನೆಲ. ಒಂದಾಳೆತ್ತರದ ಕಂಬಗಳು ಸಾಲು ಸಾಲಾಗಿ, ಕೆಲವು ವಾಲಿಕೊಂಡು, ತಲೆಯ ಮೇಲೆ ತುಕ್ಕು ಹಿಡಿದ ತಂತಿ ಇಳಿಬಿಟ್ಟುಕೊಂಡು ನಿಂತಿದ್ದವು. ಎರಡು ಗಂಟೆ ಓಡಾಡಿ ಹನ್ನೊಂದು ಚಿತ್ರ ತೆಗೆದ. ಒಂದೇ ಒಂದು ಉಳಿಯಿತು. ಅದನ್ನು ಯಾವುದಕ್ಕೆ ಎನ್ನುವುದನ್ನೂ ಗೊತ್ತು ಮಾಡಿಕೊಂಡಿದ್ದ. ಪಡುವಣದ ಕಟ್ಟಡದ ಪಕ್ಕದಿಂದ ಬಿಸಿಲು ಇಳಿಯುವಾಗ ಅಷ್ಟೂ ಕಂಬಗಳ ನೆರಳು ಒಂದೇ ಕಡೆ ಮಲಗುತ್ತದೆ. ಐದೇ ನಿಮಿಷ. ಆಮೇಲೆ ಆ ಬೆಳಕಿಲ್ಲ, ನಾಳೆ ಆ ಕಂಬಗಳೂ ಇಲ್ಲ. ಕಾಯುವಾಗ ಧೂಳು ಕೂರಬಾರದೆಂದು ಎರಡೂ ಮುಚ್ಚಳ ಹಾಕಿದ್ದ.

ಆಗ ಕಾಡಪ್ಪ ಬಂದ. ತೋಟದ ಮೂಲೆಯ ಪಂಪ್‌ಹೌಸಿನಲ್ಲಿ ಮೂವತ್ತೊಂದು ವರ್ಷದಿಂದ ಹೆಂಡತಿಯ ಜೊತೆ ಇದ್ದವನು. ದ್ರಾಕ್ಷಿ ಇದ್ದಾಗ ನೀರು ಹಾಯಿಸಿ, ದ್ರಾಕ್ಷಿ ಹೋದ ಮೇಲೆ ಬೇಲಿ ಕಾದವನು.

"ಸಾಮೀ, ಒಂದ್ ಮಾತು. ನಮ್ದೊಂದು ಫೋಟೋ ಇಡೀತೀರಾ? ಮನೆ ಮುಂದೆ ನಿಂತ್ಕಂತೀವಿ. ಬೆಳಗಾದ್ರೆ ಕೆಡವ್ತಾರಂತೆ."

ಮನೆ ಎಂದದ್ದು ಪಂಪ್‌ಹೌಸನ್ನು. ತಗಡಿನ ಮಾಡು, ನೀಲಿ ಬಣ್ಣದ ಬಾಗಿಲು, ಬಾಗಿಲ ಪಕ್ಕ ಡಾಲ್ಡಾ ಡಬ್ಬಿಯಲ್ಲಿ ಒಂದು ತುಳಸಿ.

"ಇಬ್ರೂ ಸೇರಿ ಒಂದೂ ಇಲ್ಲ ಸಾಮಿ," ಎಂದ ಕಾಡಪ್ಪ, ಏನೋ ತಪ್ಪು ಒಪ್ಪಿಕೊಳ್ಳುವವನ ಹಾಗೆ. "ರೇಷನ್ ಕಾರ್ಡಲ್ಲಿರೋದು, ಅದ್ರಾಗೆ ನನ್ ಮುಖ ನಂಗೇ ಗೊತ್ತಾಗಲ್ಲ."

ಯೋಗಾನಂದ ಬಿಸಿಲಿನ ಕಡೆ ನೋಡಿ "ಬೇಗ ಬನ್ನಿ" ಅಂದ. ಅವನ ಹೆಂಡತಿ ಅಂಜನಮ್ಮ ಹೊರಗೆ ಇಣುಕಿದವಳು ಸೀರೆ ಬದಲಾಯಿಸಲು ಮತ್ತೆ ಒಳಗೆ ಹೋದಳು. ಒಳಗೆ ಟ್ರಂಕಿನ ಸದ್ದಾಯಿತು. ಕಾಡಪ್ಪ ಬಾಗಿಲ ಹತ್ತಿರ ನಿಂತು "ಬಿರ್ರನೆ ಬಾರಮ್ಮಿ, ಸಾಮೇರು ಕಾಯ್ತಾವ್ರೆ, ನಿಂಗೇನ್ ಮದ್ವೆನಾ?" ಎಂದ. ಒಳಗಿಂದ "ಅವತ್ತಂತೂ ಯಾರೂ ತಗೀಲಿಲ್ಲ, ಇವತ್ತಾದ್ರೂ ಉಟ್ಕಂತೀನಿ, ಸುಮ್ನಿರು" ಎಂದು ಉತ್ತರ ಬಂತು.

ಅವಳು ಹಸಿರು ಸೀರೆ ಉಟ್ಟು, ಎಣ್ಣೆ ಹಚ್ಚಿ ತಲೆ ಬಾಚಿ, ಹೂವಿಲ್ಲದ್ದಕ್ಕೆ ತುಳಸಿಯ ಒಂದು ಕುಡಿ ಮುಡಿದು ಹೊರಗೆ ಬರುವ ಹೊತ್ತಿಗೆ ಕಂಬಗಳ ನೆರಳು ಮಲಗತೊಡಗಿತ್ತು.

ಯೋಗಾನಂದನಿಗೆ ಆ ಗಳಿಗೆಯಲ್ಲಿ ವೆಂಕಟಸ್ವಾಮಿ ನೆನಪಾದರು. ಯಶವಂತಪುರದ ಅವರ ಸ್ಟುಡಿಯೋದಲ್ಲಿ ಅವನು ಕೆಲಸ ಕಲಿತದ್ದು. ಫಿಲಮ್ಮಿನ ಕಾಲದಲ್ಲಿ ಮದುವೆಯ ವೇದಿಕೆಗೆ ಸಂಬಂಧವಿಲ್ಲದವರೆಲ್ಲ ಹತ್ತಿ ನಿಂತಾಗ ಅವರು ಫಿಲಂ ಖರ್ಚು ಮಾಡದೆ ಬರೀ ಫ್ಲ್ಯಾಶ್ ಹೊಡೆಯುತ್ತಿದ್ದರಂತೆ. ಅದಕ್ಕೆ ಖಾಲಿ ಫ್ಲ್ಯಾಶ್ ಎಂದು ಹೆಸರು. "ಅದು ಮೋಸ ಅಲ್ವಾ ಸರ್?" ಎಂದು ಕೇಳಿದ್ದಕ್ಕೆ ಅವರು ನಕ್ಕು, "ಮೋಸ ಏನ್ ಬಂತಯ್ಯಾ, ಮುಖದ ಮೇಲೆ ಬೆಳಕು ಬಿತ್ತಲ್ಲ, ಖುಷಿಯಾಗಿ ಊಟಕ್ಕೋದ್ರು," ಎಂದಿದ್ದರು. ಆವತ್ತು ಅವನಿಗೆ ಅವರ ಮುಖ ನೋಡಲು ಕಷ್ಟವಾಗಿತ್ತು.

ಈಗ ಅವನು ಮೇಲಿನ ಮುಚ್ಚಳ ತೆಗೆದ. ಕೆಳಗಿನದನ್ನು ತೆಗೆಯಲಿಲ್ಲ.

ಆ ಕ್ಯಾಮೆರಾದಲ್ಲಿ ಫಿಲಂ ಸುತ್ತುವುದು ಬೇರೆ, ಗುಂಡಿ ಒತ್ತುವುದು ಬೇರೆ. ಹನ್ನೊಂದನೆಯದನ್ನು ತೆಗೆದ ಮೇಲೆ ಅವನು ಫಿಲಂ ಇನ್ನೂ ಸುತ್ತಿರಲಿಲ್ಲ. ಕೆಳಗಿನ ಕಣ್ಣು ಮುಚ್ಚಿಕೊಂಡೇ ಒತ್ತಿದರೆ ಸದ್ದು ಬರುತ್ತದೆ, ಫಿಲಂ ಉಳಿಯುತ್ತದೆ. ಅವನು ತಲೆ ತಗ್ಗಿಸಿ ಗಾಜಿನಲ್ಲಿ ನೋಡಿದ. ಎಡ ಬಲವಾಗಿ, ಬಲ ಎಡವಾಗಿ, ಇಬ್ಬರೂ ಸ್ಪಷ್ಟವಾಗಿ ಕಂಡರು. ಅಭ್ಯಾಸಬಲದಿಂದ ಫೋಕಸ್ ಕೂಡ ಸರಿ ಮಾಡಿದ. ಕಾಡಪ್ಪ ಉಸಿರು ಬಿಗಿಹಿಡಿದಿದ್ದ. ಅಂಜನಮ್ಮನ ಕಣ್ಣು ಮಾತ್ರ ಕ್ಯಾಮೆರಾದ ಮೇಲೇ ಇತ್ತು. ಅವಳು ಬೆರಳು ಅರ್ಧ ಎತ್ತಿ, "ಸಾಮೀ, ಕೆಳಗ್ಡೆ ಅದು..." ಎಂದಳು.

"ಅಲ್ಲಾಡ್ಬೇಡಿ ಅಮ್ಮ," ಎಂದ ಯೋಗಾನಂದ.

ಅವಳು ಬೆರಳು ಇಳಿಸಿದಳು. ಅವನು ಗುಂಡಿ ಒತ್ತಿದ. ಟಕ್.

"ಬಂತಾ ಸಾಮಿ?"

"ಬಂತು. ತೊಳೆದ ಮೇಲೆ ಕೊಡ್ತೀನಿ."

ಡಿಜಿಟಲ್ ಕ್ಯಾಮೆರಾ ಸ್ಕೂಟರಿನಲ್ಲಿತ್ತು. ಸ್ಕೂಟರ್ ಬೇವಿನ ಮರದ ಕೆಳಗಿತ್ತು. ಆಮೇಲೆ ಎಷ್ಟೋ ಸಲ ಮನಸ್ಸಿನಲ್ಲೇ ಅಳೆದು ನೋಡಿದ್ದಾನೆ, ಇಪ್ಪತ್ತು ಹೆಜ್ಜೆ. ಹೋಗಿ ತರಲು ಒಂದು ನಿಮಿಷ ಬೇಕಾಗುತ್ತಿತ್ತು. ಹನ್ನೆರಡೇ ಚಿತ್ರದ ಮರ್ಯಾದೆಯ ಬಗ್ಗೆ ಮಾತಾಡಿ ಬಂದವನು ಮದುವೆ ಕ್ಯಾಮೆರಾ ಎತ್ತಿಕೊಳ್ಳುವುದೇ ಎನ್ನುವ ಬಿಗುಮಾನವೋ, ನೆರಳು ತಪ್ಪಿಹೋದೀತೆಂಬ ಆತುರವೋ. ಎರಡನ್ನೂ ಅವನು ಕಾರಣವೆಂದು ಒಪ್ಪಲಿಲ್ಲ. ಹೆಚ್ಚು ಸರಳವಾದ ಕಾರಣ ಇನ್ನೊಂದಿತ್ತು. ಅವರಿಬ್ಬರು ಅವನಿಗೆ ಅಷ್ಟು ಮುಖ್ಯವಾಗಿರಲಿಲ್ಲ.

ಕೆಳಗಿನ ಮುಚ್ಚಳ ತೆಗೆದು, ಫಿಲಂ ಸುತ್ತಿ, ಓಡಿಹೋಗಿ ಹನ್ನೆರಡನೆಯದನ್ನು ತೆಗೆದ.

ಆ ಚಿತ್ರ ಚೆನ್ನಾಗಿ ಬಂತು. ಆರ್.ಟಿ. ನಗರದಲ್ಲಿ ಇನ್ನೂ ಕೈಯಿಂದಲೇ ಫಿಲಂ ತೊಳೆಯುವ ಗಯಾಸ್ ಸಾಬರು ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿ, ಒದ್ದೆ ಕಾಗದವನ್ನು ಬೆಳಕಿಗೆ ಹಿಡಿದು, "ವಾಹ್, ಕಂಬಗಳು ನಮಾಜಿಗೆ ನಿಂತಂಗಿದೆ ಸಾಬ್," ಎಂದಿದ್ದರು. ಒಂದು ಪ್ರದರ್ಶನಕ್ಕೂ ಅದು ಆಯ್ಕೆಯಾಯಿತು. ಚಿತ್ರ ಕೆಟ್ಟದಾಗಿ ಬಂದಿದ್ದರೆ ಯೋಗಾನಂದನಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತೇನೋ.

ಪಂಪ್‌ಹೌಸ್ ಹೋದ ಮೇಲೆ ಕಾಡಪ್ಪನಿಗೆ ಸಹಕಾರನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ಗೇಟು ಕಾಯುವ ಕೆಲಸ ಸಿಕ್ಕಿತ್ತು. ಯೋಗಾನಂದನ ಮನೆ ಎರಡೇ ಬೀದಿ ಆಚೆ. ಪಾಳಿ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ, ವಾರಕ್ಕೊಂದು ಸಲ, ಬೆಳಗ್ಗೆ ಎಂಟರ ಹೊತ್ತಿಗೆ ಅವನು ಬರುತ್ತಿದ್ದ. ಒಳಗೆ ಬರುತ್ತಿರಲಿಲ್ಲ. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಗೇಟಿನಲ್ಲೇ ನಿಲ್ಲುತ್ತಿದ್ದ.

"ಫೋಟೋ ತೊಳ್ದಾಯ್ತಾ ಸಾಮಿ?"

"ಇನ್ನೂ ಇಲ್ಲ ಕಾಡಪ್ಪ."

"ಆಗ್ಲಿ ಆಗ್ಲಿ. ಅವಸರ ಇಲ್ಲ. ನಮ್ಮೋಳು ಗೋಡೆಗೆ ಮೊಳೆ ಒಡ್ಸವ್ಳೆ, ಅದಕ್ ಕೇಳ್ದೆ."

ಹೀಗೆ ಐದು ವಾರ. ಗೇಟಿನ ಸದ್ದಾದರೆ ಯೋಗಾನಂದ ಸ್ನಾನದ ಮನೆಗೆ ಹೋಗಿ ನಲ್ಲಿ ತಿರುಗಿಸಿ ಕೂರುವುದನ್ನೂ ಕಲಿತ. ಆರನೆಯ ವಾರ ಬಾಗಿಲಲ್ಲೇ ಸಿಕ್ಕಿಬಿದ್ದ. ಬಾಯಿಗೆ ಬಂದದ್ದನ್ನು ಹೇಳಿದ.

"ಅದು ಹಾಳಾಗೋಯ್ತು ಕಾಡಪ್ಪ. ಆರ್.ಟಿ. ನಗರದಲ್ಲಿ ತೊಳೆಯೋಕೆ ಕೊಟ್ಟಿದ್ದೆ, ಗಯಾಸ್ ಸಾಬ್ರ ಹತ್ರ. ಕೆಮಿಕಲ್ ಹೆಚ್ಚುಕಮ್ಮಿ ಆಗಿ ನಿಮ್ಮದು ಕೆಟ್ಟೋಯ್ತು."

ಕಾಡಪ್ಪ ಗೇಟಿನ ಚಿಲಕವನ್ನು ಒಮ್ಮೆ ಎತ್ತಿ ಇಳಿಸಿದ.

"ನಮ್ದೊಂದೇನಾ ಸಾಮಿ?"

"ಹೂಂ."

"ಓಗ್ಲಿ ಬಿಡಿ, ಮಿಕ್ಕಿದ್ದಾದ್ರೂ ಉಳೀತಲ್ಲ. ಯಾವ್ ಕಡೆ ಅವ್ರ ಅಂಗಡಿ?"

ಯೋಗಾನಂದ ದಾರಿಯನ್ನೂ ಹೇಳಿದ. ಯಾಕೆ ಕೇಳಿದನೆಂದು ಯೋಚಿಸಲಿಲ್ಲ. ಮಾತು ಮುಗಿದು ಅವನು ಹೋದರೆ ಸಾಕಾಗಿತ್ತು.

ಮೂರನೆಯ ದಿನ ಗಯಾಸ್ ಸಾಬರಿಂದ ಫೋನ್ ಬಂತು. "ಬನ್ನಿ ಸಾಬ್ ಒಂದ್ ಸಲ" ಎಂದಷ್ಟೇ ಹೇಳಿ ಇಟ್ಟುಬಿಟ್ಟರು.

ಸಾಬರ ಅಂಗಡಿ ಎಂದರೆ ಮನೆಯ ಮುಂದಿನ ಒಂದು ಕೋಣೆ, ಅದರ ಹಿಂದೆ ಕಿಟಕಿಗೆ ಕಪ್ಪು ಬಟ್ಟೆ ಹೊಡೆದ ಇನ್ನೊಂದು. ಅವರು ಚಹಾ ತರಿಸಲಿಲ್ಲ. ಯೋಗಾನಂದನ ರೋಲಿನ ಕಾಂಟ್ಯಾಕ್ಟ್ ಪ್ರಿಂಟನ್ನು, ಅಂದರೆ ಹನ್ನೆರಡೂ ಚಿತ್ರಗಳು ಚಿಕ್ಕದಾಗಿ ಬರುವ ಒಂದೇ ಹಾಳೆಯನ್ನು, ಮೇಜಿನ ಮೇಲೆ ಹರಡಿಟ್ಟಿದ್ದರು.

"ನಿನ್ನೆ ಒಬ್ರು ಬಂದಿದ್ರು," ಎಂದರು. "ಸೆಕ್ಯೂರಿಟಿ ಡ್ರೆಸ್ಸು. ಕೊಡಿಗೇಹಳ್ಳಿಯಿಂದ ಎರಡ್ ಬಸ್ಸು ಹಿಡ್ಕೊಂಡು. ಕೆಟ್ಟೋಗಿರೋದೇ ಆದ್ರೂ ಕೊಡಿ, ಏನಾದ್ರೂ ಕಂಡ್ರೆ ಕಾಣ್ಲಿ ಅಂದ್ರು."

ಯೋಗಾನಂದ ಹಾಳೆಯ ಅಂಚನ್ನು ನೇರ ಮಾಡಿದ.

"ನಂಗೆ ಬುದ್ಧಿ ಹೇಳಿದ್ರು ಸಾಬ್. ಇನ್ಮೇಲಾದ್ರೂ ಹುಷಾರಾಗಿ ಮಾಡಿ, ಬಡವ್ರು ನಂಬ್ಕೊಂಡಿರ್ತಾರೆ ಅಂತ. ನಲವತ್ತು ವರ್ಷ ಆಯ್ತು ನಾನು ತೊಳೆಯೋಕೆ ಶುರು ಮಾಡಿ."

"ನೀವೇನಂದ್ರಿ?"

"ಕೈ ಹಿಡ್ಕೊಂಡೆ. ತಪ್ಪಾಯ್ತು ಚಾಚಾ, ವಯಸ್ಸಾಯ್ತು, ಕೈ ನಡುಗುತ್ತೆ ಅಂದೆ." ಸಾಬರು ತಮ್ಮ ಕೈಯನ್ನು ಮೇಜಿನ ಮೇಲೆ ಚಾಚಿ ತೋರಿಸಿದರು. ಅದು ನಡುಗುತ್ತಿರಲಿಲ್ಲ. "ಇನ್ನೇನ್ ಹೇಳ್ಲಿ? ನಿಮ್ಮನ್ನ ಅಷ್ಟು ಹೊಗಳ್ತಾ ಇದ್ರು. ಅವ್ರ ಫೋಟೋನೇ ನೀವು ತೆಗ್ದಿಲ್ಲ ಅಂತ ಹೇಳೋಕಿಂತ ನನ್ ಕೈ ಕೆಟ್ಟಿದ್ದು ಅನ್ನೋದು ವಾಸಿ ಅನ್ನಿಸ್ತು."

"ಮುಚ್ಚಳ..." ಎಂದು ಯೋಗಾನಂದ ಶುರು ಮಾಡಿದ. "ಮುಚ್ಚಳ ತೆಗೆಯೋದು ಮರ್ತೆ ಅಂತ ಕಾಣುತ್ತೆ ಸಾಬ್ರೇ. ಕೆಳಗಿಂದು."

ಗಯಾಸ್ ಸಾಬರು ಅವನ ಮುಖ ನೋಡಲಿಲ್ಲ. ಹಾಳೆಯ ಮೇಲೆ ಬೆರಳಿಟ್ಟು ನಿಧಾನವಾಗಿ ಎಣಿಸಿದರು. ಒಂದು ಕಂಬ, ಎರಡು, ತಂತಿ, ಬೇಲಿ, ಹೀಗೆ ಹನ್ನೆರಡರವರೆಗೆ. ಒಂದು ಚೌಕವೂ ಖಾಲಿ ಇರಲಿಲ್ಲ.

"ಮರ್ತಿದ್ರೆ ಫಿಲಂ ಸುತ್ತಿರ್ತಿದ್ರಿ, ಒಂದು ಖಾಲಿ ಇರ್ತಿತ್ತು," ಎಂದರು. ಆಮೇಲೆ ಹಾಳೆಯನ್ನು ಲಕೋಟೆಗೆ ಹಾಕಿ ಅವನ ಕಡೆ ಸರಿಸಿದರು. "ಚಿತ್ರ ಚೆನ್ನಾಗಿ ತೆಗೀತೀರಿ ಸಾಬ್ ನೀವು. ಅದಕ್ಕೇ ಬೇಜಾರು."

ಬೈದಿದ್ದರೆ ಉತ್ತರ ಕೊಡಬಹುದಿತ್ತು. ಆರ್.ಟಿ. ನಗರದಿಂದ ಹೆಬ್ಬಾಳದವರೆಗೂ ಯೋಗಾನಂದನ ಕಿವಿ ಕಾದೇ ಇತ್ತು. ಸಿಗ್ನಲ್ಲಿನಲ್ಲಿ ಪಕ್ಕದ ಬೈಕಿನವನು ಸುಮ್ಮನೆ ತಿರುಗಿ ನೋಡಿದರೂ ಅವನಿಗೂ ತಿಳಿದಿರಬೇಕು ಎನ್ನಿಸಿತು.

ಮಾರನೆಯ ಭಾನುವಾರ ಬೆಳಗ್ಗೆ ಎರಡು ಕಣ್ಣಿನ ಕ್ಯಾಮೆರಾಕ್ಕೆ ಹೊಸ ರೋಲ್ ಹಾಕಿದ. ಹನ್ನೆರಡಕ್ಕೆ ಹನ್ನೆರಡೂ ಅವರಿಬ್ಬರದೇ ಎಂದು ನಿರ್ಧರಿಸಿದ. ಹಾಗೆ ನಿರ್ಧರಿಸುವಾಗಲೂ ಒಳಗೆಲ್ಲೋ ತನ್ನ ದೊಡ್ಡತನ ತನಗೇ ಮೆಚ್ಚಿಗೆಯಾದದ್ದು ಗೊತ್ತಾಗಿ ಮುಖ ತೊಳೆದುಕೊಂಡ. ಮದುವೆಯ ಡಿಜಿಟಲ್ಲು ಹಿಂದಿನ ದಿನದಿಂದ ಸ್ಕೂಟರಿನಲ್ಲೇ ಇತ್ತು.

ಕೊಡಿಗೇಹಳ್ಳಿಯ ಹಳೆಯ ಬೀದಿಯಲ್ಲಿ, ಒಂದು ಮೂರಂತಸ್ತಿನ ಮನೆಯ ಹಿಂದೆ ಅವರ ಕೋಣೆ. ಅಂಜನಮ್ಮ ಹೊಸ್ತಿಲ ಮೇಲೆ ಕೂತು ಮೊರದಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಅವಳ ಹಿಂದೆ, ಒಳಗಿನ ಗೋಡೆಯ ಮೇಲೆ, ಬರೀ ಮೊಳೆ ಕಾಣುತ್ತಿತ್ತು. ಕಾಡಪ್ಪ ಬನಿಯನ್ನಿನಲ್ಲಿದ್ದವನು ಗಡಿಬಿಡಿಯಿಂದ ಅಂಗಿ ಹಾಕಿಕೊಂಡು ಬಂದ.

"ಅಯ್ಯೋ ಸಾಮೀ, ನೀವ್ಯಾಕ್ ಬರಾಕೋದ್ರಿ. ಕೂತ್ಕಳಿ."

ಯೋಗಾನಂದ ಕೂರಲಿಲ್ಲ. ಕೂತರೆ ಬೇರೆ ಮಾತು ಶುರುವಾಗುತ್ತದೆಂದು ಭಯವಾಗಿ ನಿಂತೇ ಹೇಳಿದ.

"ನಿಮ್ಮ ಫೋಟೋ ಕೆಟ್ಟಿರಲಿಲ್ಲ ಕಾಡಪ್ಪ. ನಾನು ತೆಗೆದಿರಲೇ ಇಲ್ಲ. ಕೆಳಗಿನ ಮುಚ್ಚಳ ಬೇಕಂತಲೇ ಹಾಗೇ ಬಿಟ್ಟು, ಸುಮ್ಮನೆ ಸದ್ದು ಮಾಡಿದೆ. ಒಂದೇ ಉಳಿದಿತ್ತು. ಅದನ್ನ ಕಂಬಕ್ಕೆ ಇಟ್ಕೊಂಡಿದ್ದೆ."

ಕಾಡಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವನು ಕೇಳಿದ್ದು ಬೇರೆಯೇ.

"ಮತ್ತೆ ಆ ಸಾಬ್ರು? ತಪ್ಪಾಯ್ತು ಅಂದ್ರಲ್ಲ?"

"ಅವರದ್ದೇನೂ ತಪ್ಪಿಲ್ಲ. ನಾನು ಅವರ ಮೇಲೆ ಹಾಕಿದೆ."

ಕಾಡಪ್ಪ ತಲೆಯ ಮೇಲೆ ಕೈ ಇಟ್ಟುಕೊಂಡ. "ನಾನು ಅವ್ರಿಗ್ ಬುದ್ದಿ ಏಳ್ಬಿಟ್ಟು ಬಂದಿವ್ನಲ್ಲ ಸಾಮಿ! ಅಷ್ಟ್ ದೊಡ್ಡೋರ್ಗೆ. ಬಾಯಿಗ್ ಬಂದಂಗೆ..." ಅವನ ಮುಖ ಸಣ್ಣದಾಯಿತು. ತನ್ನ ನಾಚಿಕೆ ಹೀಗೆ ಇನ್ನೊಬ್ಬರ ಮುಖಕ್ಕೆ ಹತ್ತೀತೆಂದು ಯೋಗಾನಂದ ಎಣಿಸಿರಲಿಲ್ಲ. ಬೈಗುಳಕ್ಕೆ ತಯಾರಾಗಿ ಬಂದವನು ಕ್ಯಾಮೆರಾದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತ.

ಅಂಜನಮ್ಮ ಕಾಯಿ ಬಿಡಿಸುವುದನ್ನು ನಿಲ್ಲಿಸಿರಲಿಲ್ಲ.

"ನಾನವತ್ತೇ ನೋಡ್ದೆ," ಎಂದಳು. "ಮೇಲಿಂದು ತಗುದ್ರಿ, ಕೆಳಗಿಂದು ಮುಚ್ಚೇ ಇತ್ತು. ಏಳಾಕೆ ಬಂದೆ. ಅಲ್ಲಾಡ್ಬೇಡಿ ಅಂದ್ರಿ."

"ಹೌದಮ್ಮ."

"ಓದಿರೋರು, ನಿಮ್ಗ್ ಗೊತ್ತಿರುತ್ತೆ, ಮಿಸಿನ್ನೇ ಅಂಗೇನೋ ಅಂದ್ಕಂಡೆ. ಮೊಳೆ ಒಡೀವಾಗ್ಲೂ ಅನುಮಾನ ಇತ್ತು. ಇವ್ನಿಗ್ ಏಳ್ಲಿಲ್ಲ, ಖುಷಿಯಾಗಿದ್ದ."

ಯೋಗಾನಂದ ಕ್ಯಾಮೆರಾ ಕೈಗೆತ್ತಿಕೊಂಡು, "ಈಗ ತೆಗೀತೀನಿ, ಪೂರ್ತಿ ರೋಲ್ ನಿಮಗೇ," ಎಂದ. ಎರಡು ಮುಚ್ಚಳಗಳನ್ನೂ ತೆಗೆದು ಜೇಬಿಗೆ ಹಾಕುವುದನ್ನು ಅವಳಿಗೆ ಕಾಣುವ ಹಾಗೆ ಮಾಡಿದ.

"ಬಾಗ್ಲು ಇಲ್ವಲ್ಲ ಸಾಮಿ," ಎಂದ ಕಾಡಪ್ಪ ಮೆಲ್ಲಗೆ. "ನೀಲಿದು."

ಅಂಜನಮ್ಮ ಕ್ಯಾಮೆರಾವನ್ನೇ ನೋಡುತ್ತಿದ್ದವಳು ಕೇಳಿದಳು.

"ಇದ್ನೂ ತೊಳೀಬೇಕಾ?"

"ತೊಳೀಬೇಕು. ಒಂದು ವಾರ ಆಗುತ್ತೆ."

"ಬ್ಯಾಡ. ಆವಾಗ್ಲೇ ತೋರ್ಸೋದು ಇರ್ತದಲ್ಲ, ಮದ್ವೇಲಿ ಎಲ್ಲ ತಗೀತಾರಲ್ಲ, ಅದಿಲ್ವಾ ನಿಮ್ತಾವ?"

ಯೋಗಾನಂದ ಎರಡು ಕಣ್ಣಿನ ಕ್ಯಾಮೆರಾವನ್ನು ಕೊರಳಿಂದ ತೆಗೆದು ಹೊಸ್ತಿಲ ಪಕ್ಕ ಇಟ್ಟು, ಓಣಿ ದಾಟಿ ಸ್ಕೂಟರಿನ ಹತ್ತಿರ ನಡೆದು ಹೋದ. ಹೆಜ್ಜೆ ಎಣಿಸಬಾರದೆಂದುಕೊಂಡರೂ ಎಣಿಸಿದ. ಡಿಕ್ಕಿ ತೆಗೆದು ಡಿಜಿಟಲ್ ಎತ್ತಿಕೊಂಡು ವಾಪಸ್ ಬಂದ.

"ಸೀರೆ..." ಎಂದ ಕಾಡಪ್ಪ ಹೆಂಡತಿಗೆ. "ಆ ಹಸುರುದು..."

"ಏನೂ ಬ್ಯಾಡ. ಇಂಗೇ ಇರ್ಲಿ. ಬಾ ಇಲ್ಲಿ, ನಿಂತ್ಕ."

ಮೊರವನ್ನು ಪಕ್ಕಕ್ಕೆ ಸರಿಸಿ, ಸೆರಗಿಗೆ ಕೈ ಒರೆಸಿಕೊಂಡು ಎದ್ದು ನಿಂತಳು. ತಲೆಗೆ ಏನೂ ಮುಡಿಯಲಿಲ್ಲ. ಕಾಡಪ್ಪ ಪಕ್ಕದಲ್ಲಿ ನಿಂತ, ಈ ಸಲ ಉಸಿರು ಬಿಗಿಹಿಡಿಯದೆ. ಅವನ ಮನಸ್ಸು ಇನ್ನೂ ಆರ್.ಟಿ. ನಗರದಲ್ಲಿತ್ತು. ಯೋಗಾನಂದ ಒಂದು ತೆಗೆದ, ಎರಡು ತೆಗೆದ. ಮೂರನೆಯದಕ್ಕೆ ಅಂಜನಮ್ಮ ಕೈ ಚಾಚಿದಳು.

"ತೋರ್ಸಿ."

ಅವನು ಹತ್ತಿರ ಹೋಗಿ ಪರದೆಯನ್ನು ಅವಳ ಕಡೆ ತಿರುಗಿಸಿ ಹಿಡಿದ. ಬಿಸಿಲಿಗೆ ಸರಿಯಾಗಿ ಕಾಣದೆ ಅವಳು ಸೆರಗನ್ನು ಅಡ್ಡ ಹಿಡಿದು ಬಗ್ಗಿ ನೋಡಿದಳು. ಗಂಡನ ಮುಖದ ಮೇಲೆ ಬೆರಳಿಟ್ಟಳು, ತನ್ನ ಮುಖದ ಮೇಲೆ ಬೆರಳಿಟ್ಟಳು. ಅವರೆಕಾಯಿಯ ಸೊಗಡು ಗಾಜಿಗೆ ಹತ್ತಿತು.

"ಊಂ," ಎಂದಳು. "ಇದೀವಿ."

ಮತ್ತೆ ಕೂತು ಮೊರ ಎಳೆದುಕೊಂಡಳು.